ಕುಳಿತವರೂ ನಿಂತವರೂ



ಕಳೆದ ತಿಂಗಳ ಅಧ್ಯಯನ ಕೂಟಕ್ಕೆ ಬಂದಿದ್ದವರಿಗೆ ನೆನಪಿರಬಹುದು. ದೇವಾಲಯದ ಹಿಂದಿನ ಹಾಲಿನಲ್ಲಿ ನಾವು 40 ಕುರ್ಚಿಗಳನ್ನು ಹಾಕಿಸಿದ್ದೆವು. ಮೊದಲನೆಯ ಪಾಳಿ ಮುಗಿಸಿದವರು ಒಬ್ಬೊಬ್ಬರಾಗಿ ಬಂದರು. ಖಾಯಂ ನೌಕರರು ನೇರವಾಗಿ ಬಂದು ಮುಂದಿನ ಸಾಲುಗಳಲ್ಲಿ ಕುಳಿತರು. ಗುತ್ತಿಗೆ ಹುಡುಗರು, ಟ್ರೈನಿ ಎಂದು ಹೆಸರು ಹಚ್ಚಿಸಿಕೊಂಡವರು, ತಳಿ, ಅಂಚೆಟ್ಟಿ, ಕೆಲಮಂಗಲದ ಕಡೆಯಿಂದ ಕಂಪೆನಿ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳು, ಇವರೆಲ್ಲ ಹಿಂದಿನ ಗೋಡೆಗೆ ಒರಗಿ ನಿಂತರು. ಬೆಂಗಳೂರಿನಿಂದ ಬಂದ ಉಪನ್ಯಾಸಕರು ಒಂದೂಕಾಲು ಗಂಟೆ ಮಾತನಾಡಿದರು. ವಿಷಯ, ಸಮಾಜದಲ್ಲಿ ಉಳ್ಳವರ ಯಜಮಾನಿಕೆ. ಮಾತು ಮುಗಿಯುವವರೆಗೂ ನಿಂತವರು ನಿಂತೇ ಇದ್ದರು, ಹನ್ನೊಂದು ಕುರ್ಚಿಗಳು ಖಾಲಿಯಾಗಿಯೇ ಇದ್ದವು.

ಕಾಫಿಯ ಹೊತ್ತಿಗೆ ನಮಗೆ ಅದು ಕಣ್ಣಿಗೆ ಬಿತ್ತು. ತಳಿ ಕಡೆಯ ಒಬ್ಬ ತಂಗಿಯನ್ನು, ಜಾಗವಿತ್ತಲ್ಲಮ್ಮ, ಏಕೆ ಕೂರಲಿಲ್ಲ ಎಂದು ಕೇಳಿದೆವು. "ಪರವಾಗಿಲ್ಲ ಅಣ್ಣಾ, ನಮಗೆ ನಿಂತೇ ಅಭ್ಯಾಸ" ಎಂದಳು. ದುಃಖದಿಂದ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದಳು. ಉಪನ್ಯಾಸಕರು ಹೇಳಿದ ಮಾತಿನಲ್ಲಿ ಅರ್ಧ ನಮ್ಮ ತಲೆಗೆ ಹತ್ತಿರಲಿಲ್ಲ. ಅವಳ ಮಾತು ಕೇಳಿದ ಮೇಲೆ ಉಳಿದರ್ಧವೂ ಹತ್ತಿತು.

ಯಜಮಾನಿಕೆ ಎಂದರೇನು? ಪುಸ್ತಕದ ಮಾತೆಂದು ಹೆದರಬೇಕಾಗಿಲ್ಲ. ಯಜಮಾನ ಎಂಬ ಪದ ನಮ್ಮ ಮನೆಯೊಳಗೇ ಇದೆ. ನಮ್ಮ ಹೆಂಗಸರು ಗಂಡನ ಹೆಸರು ಹೇಳದೆ 'ನಮ್ಮ ಯಜಮಾನರು' ಎನ್ನುತ್ತಾರೆ. ಹಳ್ಳಿಯಲ್ಲಿ ಜಾತಿಯ ಕಟ್ಟೆಗೆ ಒಬ್ಬ ಯಜಮಾನ, ಹೊಲಕ್ಕೆ ಒಬ್ಬ ಯಜಮಾನ, ಅಂಗಡಿಗೆ ಒಬ್ಬ ಯಜಮಾನ. ದೊಣ್ಣೆ ಹಿಡಿದವನನ್ನು ನಾವು ಯಜಮಾನ ಎನ್ನುವುದಿಲ್ಲ, ರೌಡಿ ಎನ್ನುತ್ತೇವೆ. ದೊಣ್ಣೆ ಎತ್ತದೆಯೇ ಯಾರ ಮಾತು ನಡೆಯುತ್ತದೋ, ಯಾರು ಬಂದೊಡನೆ ನಾವು ಹೇಳಿಸಿಕೊಳ್ಳದೆಯೇ ಎದ್ದು ನಿಲ್ಲುತ್ತೇವೋ ಅವನು ಯಜಮಾನ. ಹಾಗೆ ಎದ್ದು ನಿಲ್ಲುವುದು ನಮ್ಮ ಸ್ವಂತ ಮರ್ಯಾದೆಯೆಂದು ನಾವೇ ನಂಬಿರುವುದು ಯಜಮಾನಿಕೆ.

ಇದನ್ನು ಬಿಡಿಸಿ ಬರೆದವರು ಇಟಲಿ ದೇಶದ ಅಂತೋನಿಯೊ ಗ್ರಾಮ್ಶಿ. 1891ರಲ್ಲಿ ಸಾರ್ಡಿನಿಯ ಎಂಬ ಬಡ ದ್ವೀಪದಲ್ಲಿ ಹುಟ್ಟಿದವರು, ಬೆನ್ನು ಗೂನಾದವರು. ಟ್ಯೂರಿನ್ ನಗರದ ಮೋಟಾರು ಕಾರ್ಖಾನೆಗಳ ಕೆಲಸಗಾರರ ನಡುವೆ ದುಡಿದು ಕಮ್ಯೂನಿಸ್ಟ್ ನಾಯಕರಾದರು. 1926ರಲ್ಲಿ ಮುಸೊಲಿನಿಯ ಸರ್ಕಾರ ಅವರನ್ನು ಸೆರೆಗೆ ಹಾಕಿತು. ಆರೋಗ್ಯ ಪೂರ್ತಿ ಕೆಟ್ಟು 1937ರಲ್ಲಿ ತೀರಿಕೊಂಡರು. ಸೆರೆಯಲ್ಲಿ ಮೂವತ್ತಕ್ಕೂ ಹೆಚ್ಚು ನೋಟುಪುಸ್ತಕಗಳನ್ನು ತುಂಬಿಸಿಟ್ಟಿದ್ದರು. ಅವರನ್ನು ಕಾಡಿದ ಪ್ರಶ್ನೆ ನಮ್ಮದೇ. ದುಡಿಯುವವರು ಲಕ್ಷಾಂತರ, ಆಳುವವರು ಬೆರಳೆಣಿಕೆ. ಪೊಲೀಸು, ಸೆರೆಮನೆ ಇವುಗಳಿಂದಲೇ ಇಷ್ಟು ಜನರನ್ನು ಎಷ್ಟು ಕಾಲ ಹಿಡಿದಿಡಬಹುದು? ಶಾಲೆ, ಪತ್ರಿಕೆ, ದೇವಾಲಯ, ಗಾದೆಮಾತು, ಹಬ್ಬ, ಮದುವೆ ಇವುಗಳ ಮೂಲಕ ಆಳುವವರ ಲೋಕದೃಷ್ಟಿ ಆಳಿಸಿಕೊಳ್ಳುವವರ 'ಸಾಮಾನ್ಯ ತಿಳುವಳಿಕೆ'ಯಾಗಿ ಇಳಿದುಬಿಡುತ್ತದೆ ಎಂದು ಅವರು ಕಂಡರು. ಅವರು ದೇವರನ್ನು ನಂಬುವವರಾಗಿರಲಿಲ್ಲ. ಆದರೂ ನಮ್ಮ ಸಭೆಯ ವಿಷಯದಲ್ಲಿ ಬಹಳ ಯೋಚನೆ ಮಾಡಿದ್ದರು. ಓದಿದವರನ್ನೂ ಓದದವರನ್ನೂ ಒಂದೇ ನಂಬಿಕೆಯಲ್ಲಿ ಸಭೆ ಹೇಗೆ ಕಟ್ಟಿಹಾಕಿದೆ, ಆ ಹೊಲಿಗೆ ಬಿಡದಂತೆ ಎಷ್ಟು ಎಚ್ಚರ ವಹಿಸುತ್ತದೆ ಎಂದು ಗಮನಿಸಿ ಬರೆದಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಸಿ ಉಪದೇಶಿಗಳಾದ ನಮ್ಮಂಥವರೇ ಆ ಹೊಲಿಗೆಯ ದಾರ. ಇದಕ್ಕೆ ಮುಂದೆ ಬರುತ್ತೇವೆ.

ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಕೈಯಿಂದ ಕೃಷ್ಣಗಿರಿ ಸುತ್ತಲಿನ ಬಾರಾಮಹಲು ಇಂಗ್ಲಿಷ್ ಕಂಪೆನಿಗೆ ಹೋಯಿತು. ಅದನ್ನು ಆಳಲು ಕಂಪೆನಿ ಕಳಿಸಿದ್ದು ಯಾರನ್ನು? ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಮನ್ರೋ, ಗ್ರಹಾಮ್, ಮ್ಯಾಕ್ಲಿಯಡ್ ಎಂಬ ಮೂವರು ಸಹಾಯಕರು. ನಾಲ್ಕು ಜನ ಪರದೇಶಿ ಸೇನಾಧಿಕಾರಿಗಳು, ನಮ್ಮ ಭಾಷೆಗಳನ್ನು ಬಂದ ಮೇಲೆ ಕಲಿತವರು. ಅವರು ಒಂದಿಡೀ ಸೀಮೆಯ ಹೊಲಗಳನ್ನೆಲ್ಲ ಅಳೆಸಿ, ರೈತನಿಂದ ನೇರವಾಗಿ ಕಂದಾಯ ಎತ್ತಿದರು. ಸೈನ್ಯ ಹಿಂದೆ ಇತ್ತು, ನಿಜ. ಆದರೆ ದಿನದಿನದ ಕೆಲಸ ನಡೆಸಿದವರು ಊರ ಗೌಡರು, ಕರಣಿಕರು, ಅಂದರೆ ಮೊದಲೇ ಜಗಲಿಯ ಮೇಲೆ ಕುಳಿತಿದ್ದವರು. ದೊರೆ ಬದಲಾದ, ಜಗಲಿ ಬದಲಾಗಲಿಲ್ಲ. ಜಗಲಿಯ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು, ಟವೆಲನ್ನು ಹೆಗಲಿನಿಂದ ಕಂಕುಳಿಗೆ ಇಳಿಸಿ ನಿಲ್ಲುತ್ತಿದ್ದವರು ಅಲ್ಲಿಯೇ ನಿಂತಿದ್ದರು. ಟೀ ಅಂಗಡಿಯ ಬೇರೆ ಲೋಟವನ್ನು ನಮ್ಮಲ್ಲಿ ನಡುವಯಸ್ಸು ದಾಟಿದವರು ಅನೇಕರು ಕಣ್ಣಾರೆ ಕಂಡಿದ್ದೇವೆ, ಕೆಲವರು ಅದರಲ್ಲಿ ಕುಡಿದಿದ್ದೇವೆ. ಲೋಟವನ್ನು ನಾವೇ ತೊಳೆದು ನಾವೇ ಗೂಟಕ್ಕೆ ಸಿಕ್ಕಿಸಿ ಬರುತ್ತಿದ್ದೆವು.

ಕೆಟ್ಟವರು ಮಾತ್ರ ಯಜಮಾನಿಕೆ ನಡೆಸುತ್ತಾರೆಂದು ಯಾರೂ ತಿಳಿಯಬಾರದು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಗೋಪಾಲಾಚಾರಿಯವರು ಸ್ವಾತಂತ್ರ್ಯಕ್ಕಾಗಿ ಸೆರೆವಾಸ ಅನುಭವಿಸಿದವರು, ಗವರ್ನರ್ ಜನರಲ್ ಆದವರು, ಸರಳವಾಗಿ ಬದುಕಿದವರು. ಅವರು ಮದ್ರಾಸಿನ ಮುಖ್ಯಮಂತ್ರಿಯಾಗಿದ್ದಾಗ 1953ರಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಮಾತ್ರ ಪಾಠ, ಉಳಿದ ಹೊತ್ತು ಮಕ್ಕಳು ಮನೆಯಲ್ಲಿ ತಂದೆಯ ಕಸುಬು ಕಲಿಯಲಿ ಎಂಬುದು ಅದರ ತಿರುಳು. ಶಾಲೆಗಳು ಕಡಮೆ, ಮಕ್ಕಳು ಹೆಚ್ಚು, ಎರಡು ಸರದಿಯಲ್ಲಿ ಕಲಿಸಿದರೆ ಎಲ್ಲರಿಗೂ ಅಕ್ಷರ ಸಿಗುತ್ತದೆ, ಕೈಕಸುಬಿಗೂ ಗೌರವ ಬರುತ್ತದೆ ಎಂದು ಅವರು ಮನಸಾರೆ ನಂಬಿದ್ದರು. ಕುಂಬಾರನ ಮಗ ಮಡಕೆಗೆ, ಚಮ್ಮಾರನ ಮಗ ಚರ್ಮಕ್ಕೆ, ಜೀತದವನ ಮಗ ಜೀತಕ್ಕೆ ಎಂದು ಅದರ ಅರ್ಥವಾಗುತ್ತದೆಂಬುದು ಅಷ್ಟು ದೊಡ್ಡ ಬುದ್ಧಿವಂತರಿಗೆ ಕಾಣಲಿಲ್ಲ, ಅಥವಾ ಕಂಡರೂ ತಪ್ಪೆನ್ನಿಸಲಿಲ್ಲ. ಪೆರಿಯಾರರೂ ದ್ರಾವಿಡ ಕಳಗಗಳವರೂ ಇದು ಕುಲಕಸುಬಿನ ಶಿಕ್ಷಣವೆಂದು ಬೀದಿಗಿಳಿದರು, ಕಾಂಗ್ರೆಸ್ಸಿನೊಳಗೂ ವಿರೋಧ ಎದ್ದಿತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ನಮ್ಮ ಅಪ್ಪಂದಿರು ಶಾಲೆಯ ಬೆಂಚಿನ ಮೇಲೆ ಪೂರ್ತಿ ಹೊತ್ತು ಕುಳಿತದ್ದು ಹಾಗೆ. ಕಾಮರಾಜರು ಸ್ವತಃ ಹೆಚ್ಚು ಶಾಲೆ ಕಂಡವರಲ್ಲ ಎಂಬುದನ್ನೂ ನೆನೆಯಬೇಕು. ನಿಂತವನಿಗೆ ಬೆಂಚಿನ ಬೆಲೆ ಗೊತ್ತು.

ಇನ್ನು ಕಾರ್ಖಾನೆಗೆ ಬರೋಣ. ಸಿಪ್‌ಕಾಟ್ ಇಲ್ಲಿ ಕೈಗಾರಿಕಾ ವಸಾಹತು ತೆರೆದದ್ದು 1970ರ ದಶಕದಲ್ಲಿ. ರಾಗಿ ಹೊಲಗಳಿದ್ದ ಜಾಗದಲ್ಲಿ ಲಾರಿ, ಮೋಟಾರ್ ಸೈಕಲ್, ಕೈಗಡಿಯಾರ ತಯಾರಾಗತೊಡಗಿದವು. ಆ ಕಾಲಕ್ಕೆ ಸೇರಿದವರು ಖಾಯಂ ಆದರು, ಸಂಘ ಕಟ್ಟಿದರು, ಮನೆ ಕಟ್ಟಿದರು, ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದರು. ಅವರ ದುಡಿಮೆಯ ಫಲ ಅದು, ಅದಕ್ಕೆ ಅಸೂಯೆ ಪಡುವುದಿಲ್ಲ. ಆದರೆ ಇಂದು ಗೇಟಿನೊಳಗೆ ಹೋಗುವ ಸಾಲನ್ನು ನೋಡಿರಿ. ಒಂದೇ ಯಂತ್ರದ ಮುಂದೆ ಒಂದೇ ಕೆಲಸ ಮಾಡುವವರಿಗೆ ಮೂರು ಬಣ್ಣದ ಸಮವಸ್ತ್ರ, ಮೂರು ಬಗೆಯ ಗುರುತಿನ ಚೀಟಿ, ಮೂರು ಬಗೆಯ ಸಂಬಳ. ನಮಗೆ ತಿಳಿದ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನಿನಲ್ಲಿ ಇಂಥವರು ಇಂಥ ಕಡೆ ಕೂರಬೇಕೆಂಬ ಬೋರ್ಡು ಎಲ್ಲಿಯೂ ಇಲ್ಲ. ಆದರೂ ಗುತ್ತಿಗೆಯವರು ಫ್ಯಾನಿನ ಕೆಳಗಿನ ಮೇಜಿಗೆ ಹೋಗುವುದಿಲ್ಲ. ಹೊಸದಾಗಿ ಬಂದ ಹುಡುಗ ತಿಳಿಯದೆ ಅಲ್ಲಿ ಕುಳಿತರೆ ಅವನನ್ನು ಎಬ್ಬಿಸುವುದು ಮ್ಯಾನೇಜರಲ್ಲ. ಇನ್ನೊಬ್ಬ ಗುತ್ತಿಗೆ ಹುಡುಗನೇ ಬಂದು ತೋಳು ಹಿಡಿದು ಕರೆದುಕೊಂಡು ಹೋಗುತ್ತಾನೆ.

ಬೋರ್ಡು ಏಕೆ ಬೇಡವೆಂದರೆ ಮಾತುಗಳಿವೆ. 'ನಾವೆಲ್ಲ ಒಂದೇ ಕುಟುಂಬ' ಎಂಬುದು ಒಂದು ಮಾತು. ಕುಟುಂಬದಲ್ಲಿ ಓವರ್‌ಟೈಮಿನ ಲೆಕ್ಕ ಯಾರು ಕೇಳುತ್ತಾರೆ? 'ನೀನು ಕೆಲಸಗಾರನಲ್ಲ, ಕಲಿಯುವವನು' ಎಂಬುದು ಇನ್ನೊಂದು. ಮೂರು ವರ್ಷ ಅದೇ ಸ್ಕ್ರೂ ತಿರುಗಿಸಿದವನು ಇನ್ನೂ ಏನನ್ನು ಕಲಿಯಬೇಕು? 1981ರಲ್ಲಿ ತಮಿಳುನಾಡು ಸರ್ಕಾರ ಒಂದು ಕಾಯಿದೆ ಮಾಡಿತು. ಇಪ್ಪತ್ತನಾಲ್ಕು ತಿಂಗಳಲ್ಲಿ 480 ದಿನ ಎಡೆಬಿಡದೆ ದುಡಿದವನನ್ನು ಖಾಯಂ ಮಾಡಬೇಕು ಎಂದು. ಆ 480ನೆಯ ದಿನ ಬಾರದಂತೆ ನೋಡಿಕೊಳ್ಳುವುದೇ ಒಂದು ವಿದ್ಯೆಯಾಯಿತು. ಗುತ್ತಿಗೆದಾರನ ಹೆಸರು ಬದಲಾಯಿಸುವುದು, ನಡುವೆ ಮನೆಗೆ ಕಳಿಸುವುದು, ಕೆಲಸಗಾರ ಎಂಬ ಪದವನ್ನೇ ಅಳಿಸಿ ಟ್ರೈನಿ ಎಂದು ಬರೆಯುವುದು. ಈ ವಿದ್ಯೆಗೆ ನಾವು ಬೈಯುತ್ತೇವೆ. ಆದರೆ ಗುತ್ತಿಗೆ ಹುಡುಗನನ್ನು ಕೇಳಿದರೆ, ನಾನು ಡಿಪ್ಲೊಮಾ ಸರಿಯಾಗಿ ಓದಲಿಲ್ಲ ಅಣ್ಣಾ, ಅದಕ್ಕೇ ಹೀಗೆ ಎನ್ನುತ್ತಾನೆ. ಅನ್ಯಾಯ ಅವನ ಬಾಯಲ್ಲಿ ಅವನದೇ ತಪ್ಪಾಗಿ ಹೊರಬರುತ್ತದೆ. ಇದಕ್ಕಿಂತ ಅಗ್ಗದ ಕಾವಲುಗಾರ ಯಾವ ಬಂಡವಾಳಗಾರನಿಗೆ ಸಿಕ್ಕಾನು?

ಕುರ್ಚಿಯ ಮಾತನ್ನೇ ತೆಗೆದುಕೊಳ್ಳಿ. ನಿಂತು ಕೆಲಸ ಮಾಡಬೇಕಾದವರಿಗೆ ಬಿಡುವಾದಾಗ ಕೂರಲು ಆಸನ ಕೊಡಬೇಕೆಂದು 1948ರ ಫ್ಯಾಕ್ಟರಿ ಕಾಯಿದೆಯ 44ನೆಯ ಕಲಮಿನಲ್ಲಿಯೇ ಬರೆದಿತ್ತು. ನಮ್ಮಲ್ಲಿ ಸಂಘದ ಕೆಲಸ ಹತ್ತು ಹದಿನೈದು ವರ್ಷ ಮಾಡಿದವರಿಗೂ ಆ ಕಲಮು ಗೊತ್ತಿರಲಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಗೊತ್ತಿರಲಿಲ್ಲ, ಏಕೆಂದರೆ ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಅದನ್ನು ಕೇಳಿದವರು ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಸೀರೆ ಮಡಿಸಿ ಮಡಿಸಿ ಇಡುವ ಹೆಣ್ಣುಮಕ್ಕಳು, ಪಿ. ವಿಜಿ ಎಂಬ ದರ್ಜಿ ಮಹಿಳೆಯ ಮುಂದಾಳತನದಲ್ಲಿ. ಮೊದಲು ಅವರು ಕೇಳಿದ್ದು ಶೌಚಾಲಯ. ಆಮೇಲೆ ಕೂರುವ ಹಕ್ಕು. ಗಿರಾಕಿ ಇಲ್ಲದಾಗ ಕೂತರೆ ಏನಾಯಿತು ಎಂಬ ಒಂದು ಪ್ರಶ್ನೆ. 2018ರಲ್ಲಿ ಕೇರಳ ಸರ್ಕಾರ ಕಾಯಿದೆ ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ಈಗ ಹೊಸೂರಿನ ಬಟ್ಟೆ ಅಂಗಡಿಗಳಿಗೆ ಹೋಗಿ ನೋಡಿರಿ. ಕೆಲವು ಕಡೆ ಸ್ಟೂಲು ಇದೆ, ಹುಡುಗಿ ಅದರ ಪಕ್ಕದಲ್ಲಿ ನಿಂತಿದ್ದಾಳೆ. ಕಾಯಿದೆ ಸ್ಟೂಲನ್ನು ಮಾತ್ರ ತರಬಲ್ಲದು.

ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2023ರ ಏಪ್ರಿಲ್ 21ರಂದು ತಮಿಳುನಾಡು ವಿಧಾನಸಭೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಬಣ್ಣ ಬೇರೆ ಬೇರೆಯ ಸಂಘಗಳು ಒಟ್ಟಿಗೆ ಎದ್ದವು. ಮೂರೇ ದಿನದಲ್ಲಿ ಅದನ್ನು ತಡೆಹಿಡಿದರು, ಮೇ 1ರಂದು ಮುಖ್ಯಮಂತ್ರಿಗಳು ಹಿಂತೆಗೆದುಕೊಂಡೆವೆಂದು ಸಾರಿದರು. ಕಾಲು ಗಂಟೆಯ ದಾರಿಯ ಅತ್ತಿಬೆಲೆಯಾಚೆ, ಕರ್ನಾಟಕದಲ್ಲಿ, ಅದೇ ವರ್ಷದ ಫೆಬ್ರವರಿಯಲ್ಲಿ ಅಂಥದ್ದೇ ತಿದ್ದುಪಡಿ ಬಂದಿತ್ತು. ಅಲ್ಲಿಯೂ ಸಂಘಗಳು ಪ್ರತಿಭಟಿಸಿದವು, ಆದರೆ ತಿದ್ದುಪಡಿ ಉಳಿಯಿತು. ಇದರ ಮೇಲೆ 2025ರ ನವೆಂಬರ್ 21ರಿಂದ 29 ಹಳೆಯ ಕಾಯಿದೆಗಳ ಜಾಗದಲ್ಲಿ ಕೇಂದ್ರದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ವಿಷಯ ಬೇರೆಯೇ ಬರೆಯಬೇಕು.

ಗಡಿಯ ಮಾತು ಬಂದದ್ದರಿಂದ ಭಾಷೆಯ ಮಾತನ್ನೂ ಆಡಿಬಿಡುತ್ತೇವೆ. ಈ ಪತ್ರಿಕೆ ಕನ್ನಡದಲ್ಲಿ ಬರುತ್ತದೆ, ಓದುವ ನಾವು ತಮಿಳುನಾಡಿನಲ್ಲಿದ್ದೇವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಸಂದರ್ಶನದಲ್ಲಿ ಇಂಗ್ಲಿಷು. 2006ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ ನಮ್ಮ ಕನ್ನಡ ಶಾಲೆಗಳ ಮಕ್ಕಳು ಹತ್ತನೆಯ ತರಗತಿಯ ತಮಿಳು ಪತ್ರಿಕೆಯಿಂದ ವಿನಾಯಿತಿಗಾಗಿ ಕೋರ್ಟು ಕೋರ್ಟು ಅಲೆಯಬೇಕಾಯಿತು. 2023ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಮಿಳು ಕಲಿಯಬಾರದೆಂದು ನಾವು ಹೇಳುವವರಲ್ಲ. ಈ ನೆಲದ ಅನ್ನ ಉಂಡು ಈ ನೆಲದ ಭಾಷೆ ಬೇಡವೆನ್ನುವುದು ಸರಿಯಲ್ಲ. ಕೇಳುವುದಿಷ್ಟೆ, ನಮ್ಮ ಮಗು ತನ್ನ ಭಾಷೆಯನ್ನು ತರಗತಿಯಲ್ಲಿ ತಲೆತಗ್ಗಿಸಿ ಏಕೆ ಆಡಬೇಕು? ಅದೇ ಮಗು ಬೆಂಗಳೂರಿಗೆ ಹೋದರೆ ಅದರ ಕನ್ನಡ ಕೇಳಿ ಅಲ್ಲಿಯವರು ನಗುತ್ತಾರೆ, ಇದೇನು ಕನ್ನಡವೋ ಎಂದು. ಯಾವ ಕನ್ನಡ ಶುದ್ಧ, ಯಾವುದು ಸಾಹಿತ್ಯ ಎಂದು ತೀರ್ಮಾನಿಸುವವರೂ ಒಂದು ಜಗಲಿಯ ಮೇಲೆಯೇ ಕುಳಿತಿದ್ದಾರೆ. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರೆಂಬುದಕ್ಕೆ ಬೀದಿ ಬೀದಿಯಲ್ಲಿ ಗಲಭೆಯಾಗಿ ಮಂತ್ರಿಪದವಿ ಹೋಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟವರು ಅವರು. ಅವರು ಆಡಿದ ಮಾತು ಸರಿಯೋ ತಪ್ಪೋ ಎಂದು ವಾದಿಸಿದವರು ಕಡಮೆ, ಅದನ್ನು ಆಡಲು ಇವನಾರು ಎಂದವರೇ ಹೆಚ್ಚು.

ಆದರೆ ನೊಂದವರು ನಾವೆಂದು ಎದೆ ಬಡಿದುಕೊಳ್ಳುವ ಮೊದಲು 1991ರ ಡಿಸೆಂಬರನ್ನು ನೆನೆಯಿರಿ. ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳು ಕೂಲಿಕಾರರ ಗುಡಿಸಲುಗಳಿಗೆ ಬೆಂಕಿ ಬಿತ್ತು, ಅವರು ಮಕ್ಕಳನ್ನು ಹೊತ್ತು ಹೊಸೂರಿನ ದಾರಿ ಹಿಡಿದರು. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಬಸ್ಸುಗಳು ಉರಿದವು, ಗಡಿ ಮುಚ್ಚಿತು, ಜನ ಗಂಟುಮೂಟೆ ತಲೆಯ ಮೇಲಿಟ್ಟು ಅತ್ತಿಬೆಲೆಯಿಂದ ಜೂಜುವಾಡಿಯವರೆಗೆ ನಡೆದರು. ನಡೆದವರಲ್ಲಿ ಕಾರ್ಖಾನೆಯ ಮಾಲೀಕರು ಯಾರೂ ಇರಲಿಲ್ಲ. ಈಗ ನಮ್ಮ ಸಂಘದ ಕೊಠಡಿಯಲ್ಲಿಯೇ, ಜಾರ್ಖಂಡಿನವರು, ಒಡಿಶಾದವರು ಬಂದು ನಮ್ಮ ಕೂಲಿ ಕೆಡಿಸಿದರು ಎಂಬ ಮಾತು ಕೇಳುತ್ತಿದೆ. ಕೂಲಿ ಕೆಡಿಸಿದವನು ಕೂಲಿ ನಿಗದಿ ಮಾಡುವವನು. ಹತ್ತು ಜನ ಒಂದು ಕೋಣೆಯಲ್ಲಿ ಸರದಿಯ ಮೇಲೆ ಮಲಗುವವನು ಹೇಗೆ ಕೆಡಿಸಿಯಾನು? ಆದರೂ ಈ ಮಾತನ್ನು ನಾವು ಆಡುತ್ತೇವೆ, ಯಾರೂ ಹೇಳಿಕೊಡದೆ, ಸಂಬಳವಿಲ್ಲದೆ.

ಇನ್ನು ನಮ್ಮ ಉಪದೇಶದ ವಿಷಯ. ತಮಿಳುನಾಡಿನ ಕ್ರೈಸ್ತರಿಗೆ ವಡಕ್ಕನ್‌ಕುಳಂ ಎಂಬ ಹೆಸರು ಗೊತ್ತು. ತಿರುನೆಲ್ವೇಲಿ ಸೀಮೆಯ ಆ ದೇವಾಲಯದಲ್ಲಿ ಮೇಲುಜಾತಿಯವರೂ ಉಳಿದವರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಬಲಿಪೂಜೆ ಕಾಣುವಂತೆ ನಡುವೆ ಗೋಡೆ ಕಟ್ಟಿದ್ದರು. 1910ರಲ್ಲಿ ಅದನ್ನು ಒಡೆಸಿದಾಗ ಕೋರ್ಟಿಗೆ ಹೋದವರು, ನಮ್ಮ ಹಕ್ಕು ಹೋಯಿತು ಎಂದರು. ಕೋರ್ಟು ಒಪ್ಪಲಿಲ್ಲ. ನಮ್ಮ ಸೀಮೆಯ ದೇವಾಲಯಗಳಲ್ಲಿ ಅಂಥ ಗೋಡೆಯಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಭಾನುವಾರ ಯಾರು ಎಲ್ಲಿ ಮೊಣಕಾಲೂರುತ್ತಾರೆಂದು ಕಣ್ಣು ಮುಚ್ಚಿಯೇ ಹೇಳಬಲ್ಲೆವು. ಯಕೋಬನ ಪತ್ರದ ಎರಡನೆಯ ಅಧ್ಯಾಯ ತೆಗೆದು ನೋಡಿರಿ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ ತೋರಿಸಿ, ಕೊಳಕು ಬಟ್ಟೆಯ ಬಡವನಿಗೆ ಅಲ್ಲಿ ನಿಂತಿರು ಎನ್ನುವ ಸಭೆಯನ್ನು ಆತ ಎಷ್ಟು ಕಟುವಾಗಿ ಕೇಳುತ್ತಾನೆ! ನಮ್ಮ ಸ್ಥಿತಿ ಅದಕ್ಕಿಂತ ಮುಂದುವರಿದಿದೆ. ನಿಂತಿರು ಎನ್ನುವ ಶ್ರಮವನ್ನೂ ನಾವು ತೆಗೆದುಕೊಳ್ಳಬೇಕಾಗಿಲ್ಲ.

ಜ್ಞಾನೋಪದೇಶದ ತರಗತಿಯಲ್ಲಿ ನಾವು ಎಷ್ಟೋ ವರ್ಷ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಪೌಲನ ಬುದ್ಧಿವಾದವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇವೆ. ಎಫೆಸದವರಿಗೆ ಬರೆದ ಆ ಪತ್ರದಲ್ಲಿ ನಾಲ್ಕು ಸಾಲು ಕೆಳಗೆ ಯಜಮಾನರಿಗೂ ಬುದ್ಧಿವಾದವಿದೆ. ಬೆದರಿಸುವುದನ್ನು ಬಿಡಿರಿ, ನಿಮಗೂ ಅವರಿಗೂ ಒಡೆಯನೊಬ್ಬನೇ ಎಂಬ ಅರ್ಥದ್ದು. ಅದನ್ನು ಒಮ್ಮೆಯೂ ಬಾಯಿಪಾಠ ಮಾಡಿಸಲಿಲ್ಲ. ಯಾವ ಸ್ವಾಮಿಗಳೂ ಬೇಡವೆನ್ನಲಿಲ್ಲ, ಯಾವ ಮಾಲೀಕನೂ ದುಡ್ಡು ಕೊಡಲಿಲ್ಲ. ನಮಗೇ ಮೊದಲಿನ ಭಾಗ ಉಪದೇಶವೆನ್ನಿಸಿತು, ಎರಡನೆಯದು ರಾಜಕೀಯವೆನ್ನಿಸಿತು. ಗೋಡೆಗೆ ಒರಗಿ ನಿಂತ ಆ ತಂಗಿ ನಮ್ಮ ತರಗತಿಯಲ್ಲಿಯೇ ಓದಿದವಳು.

ಸಂಘದಲ್ಲಿ ನಾವು ಮಾಡಿದ್ದೂ ಬೇರೆಯಲ್ಲ. ನಾವು ಸ್ವಯಂಸೇವಕರಾಗಿ ದುಡಿಯುವ ಸಂಘದ ನಿಯಮದಲ್ಲಿ ಮತ ಹಾಕುವ ಸದಸ್ಯತ್ವ ಖಾಯಂ ನೌಕರರಿಗೆ ಮಾತ್ರ. ಗುತ್ತಿಗೆಯವರನ್ನು ಹಿತೈಷಿಗಳು ಎಂದು ಕರೆಯುತ್ತೇವೆ. ಮೆರವಣಿಗೆಗೆ ಬೇಕು, ಬಾವುಟ ಹಿಡಿಯಲು ಬೇಕು, ಗೇಟಿನ ಮುಂದೆ ಬಿಸಿಲಿನಲ್ಲಿ ನಿಲ್ಲಲು ಬೇಕು. ಒಪ್ಪಂದದ ಮಾತುಕತೆಗೆ ಕುಳಿತಾಗ ಅವರ ಹೆಸರಿಲ್ಲ. ಕಳೆದ ಸಲದ ಒಪ್ಪಂದದಲ್ಲಿ ಖಾಯಂನವರಿಗೆ ಹೆಚ್ಚಳ ಸಿಕ್ಕಿದ ಮೇಲೆ ನಾವು ಸಿಹಿ ಹಂಚಿದೆವು, ಗುತ್ತಿಗೆಯವರಿಗೂ ಹಂಚಿದೆವು. ಅವರು ತಿಂದು ಥ್ಯಾಂಕ್ಸ್ ಅಣ್ಣಾ ಎಂದರು.

ಈ ನಿಯಮವನ್ನು ತಿದ್ದಬೇಕು. ಗುತ್ತಿಗೆ, ಟ್ರೈನಿ, ಅಪ್ರೆಂಟಿಸ್ ಯಾವ ಹೆಸರಿನವರಾದರೂ ಯಂತ್ರದ ಮುಂದೆ ದುಡಿಯುವವರೆಲ್ಲರಿಗೂ ಪೂರ್ಣ ಸದಸ್ಯತ್ವ, ಪೂರ್ಣ ಮತ, ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನ ಬೇಕು. ಅದಕ್ಕಾಗಿಯೇ ಇಷ್ಟು ಬರೆದಿದ್ದೇವೆ. ಇದಕ್ಕೆ ನಮ್ಮವರೇ ಹೇಳುವ ಆಕ್ಷೇಪಗಳು ನಮಗೆ ಗೊತ್ತು. ಅವರು ಆರು ತಿಂಗಳಿಗೆ ಹೋಗುವವರು, ಚಂದಾ ನಿಲ್ಲುತ್ತದೆ ಎನ್ನುತ್ತಾರೆ. ಅವರು ಹೋಗುವುದಿಲ್ಲ, ಕಳಿಸಲ್ಪಡುತ್ತಾರೆ, ಅದನ್ನು ತಡೆಯುವುದೇ ಸಂಘದ ಕೆಲಸ. ಅವರ ಸಂಖ್ಯೆ ಹೆಚ್ಚು, ನಾಳೆ ನಮ್ಮನ್ನೇ ಮತದಿಂದ ಸೋಲಿಸಿದರೆ ಎನ್ನುವವರೂ ಇದ್ದಾರೆ. ಈ ಆಕ್ಷೇಪದಲ್ಲಿ ಪ್ರಾಮಾಣಿಕತೆ ಇದೆ, ಅದಕ್ಕೆ ಸುಲಭದ ಉತ್ತರ ನಮ್ಮಲ್ಲಿಲ್ಲ. ಸೋಲಿಸಬಹುದು. ಆದರೆ ಜಗಲಿಯ ಮೇಲೆ ಕುಳಿತ ಗೌಡರೂ ಇದೇ ಮಾತನ್ನೇ ಆಡುತ್ತಿದ್ದರಲ್ಲವೇ? ಖಾಯಂನವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ಖಾಯಂನವರು ಬರುತ್ತಿಲ್ಲ. ಹೀಗೇ ನಡೆದರೆ ಹತ್ತು ವರ್ಷಕ್ಕೆ ಸಂಘದ ಕೊಠಡಿಯಲ್ಲಿ ಕುರ್ಚಿಗಳು ಮಾತ್ರ ಉಳಿಯುತ್ತವೆ.

ಮನೆಯ ಯಜಮಾನಿಕೆಯ ಬಗ್ಗೆ ಬರೆಯಲಿಲ್ಲವೆಂದು ಸಹೋದರಿಯರು ಕೇಳಬಹುದು. ಕೇಳತಕ್ಕದ್ದೇ. ಈ ಲೇಖನವನ್ನು ಬರೆದು ಮುಗಿಸುವವರೆಗೂ ಮನೆಯಲ್ಲಿ ಊಟಕ್ಕೆ ಕಾದು ಕುಳಿತವರಿದ್ದರು ಎಂಬಷ್ಟನ್ನು ಒಪ್ಪಿಕೊಂಡು ಮುಂದಿನ ಸಂಚಿಕೆಯಲ್ಲಿ ಅವರೇ ಬರೆಯಲಿ ಎಂದು ಕೇಳಿಕೊಳ್ಳುತ್ತೇವೆ. ನಾವು ತಿದ್ದುವುದಿಲ್ಲ.

ಮುಂದಿನ ಕೂಟ ಬರುವ ತಿಂಗಳ ಎರಡನೆಯ ಭಾನುವಾರ, ಎರಡನೆಯ ಪೂಜೆಯಾದ ಮೇಲೆ. ಉಪನ್ಯಾಸವಿರುವುದಿಲ್ಲ. ಗುತ್ತಿಗೆಯವರು ತಮ್ಮ ಗುರುತಿನ ಚೀಟಿ, ಸಂಬಳದ ಚೀಟಿ, ಇದ್ದರೆ ಗೇಟ್ ಪಾಸು ತರಬೇಕು. ಯಾವ ಯಾವ ದಿನ ಕೆಲಸಕ್ಕೆ ಹೋದಿರೆಂದು ಬರೆದಿಡಲು ಒಬ್ಬೊಬ್ಬರಿಗೂ ಒಂದು ನೋಟುಪುಸ್ತಕ ಕೊಡುತ್ತೇವೆ. 480 ದಿನದ ಲೆಕ್ಕವನ್ನು ಗುತ್ತಿಗೆದಾರ ಇಡುವುದಿಲ್ಲ, ನಾವೇ ಇಡಬೇಕು. ಕುರ್ಚಿ ಹಾಕಿಸುವುದಿಲ್ಲ, ಜಮಖಾನ ಹಾಸುತ್ತೇವೆ ಎಂದು ತೀರ್ಮಾನಿಸಿದ್ದೆವು. ನಮ್ಮ ಹಿರಿಯ ಸದಸ್ಯರೊಬ್ಬರು ಮೊಣಕಾಲು ನೋವೆಂದು ದೂರಿದ್ದರಿಂದ ಗೋಡೆಯ ಪಕ್ಕ ನಾಲ್ಕು ಕುರ್ಚಿ ಇರುತ್ತವೆ. ಅವು ಮುದುಕರಿಗೆ ಮತ್ತು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರಿಗೆ.